ಅರ್ಧ ಅಗ್ಗಿಷ್ಟಿಕೆ

ನವೆಂಬರ್ ೪, ಮಂಗಳವಾರ

ಇದು ಅಳತೆ ಬರೆಯುವ ಪುಸ್ತಕ. ಎದೆ, ಸೊಂಟ, ತೋಳು ಎಂದು ಮೂರು ಕಾಲಂ ಮೊದಲೇ ಅಚ್ಚಾಗಿದೆ. ದಿನಚರಿ ಬರೆಯುವ ಚಾಳಿ ನನಗಿಲ್ಲ. ಇವತ್ತು ಬೈಯಲು ಯಾರೂ ಸಿಗಲಿಲ್ಲ, ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವ ಜಾತಿ ನಾನಲ್ಲ. ಹಾಗಾಗಿ ಸೊಂಟದ ಕಾಲಮ್ಮಿನ ಮೇಲೆಯೇ ಬರೆಯುತ್ತಿದ್ದೇನೆ.

ಕೆಲಸ ಮುಗಿಸಿ ಬಂದಾಗ ನಗರಸಭೆಯವರು ಮುಂಗೋಡೆಗೆ ನೋಟೀಸು ಅಂಟಿಸಿ ಹೋಗಿದ್ದರು. ನನ್ನ ಬಾಗಿಲಿಗೂ ಅಲ್ಲ, ಆಚೆಯವನ ಬಾಗಿಲಿಗೂ ಅಲ್ಲ, ಎರಡರ ನಟ್ಟನಡುವೆ. ನಮ್ಮ ಚಿಮಣಿಯ ಹೊಗೆ ಮಿತಿ ಮೀರಿದೆಯಂತೆ. ಡಿಸೆಂಬರ್ ಒಂಬತ್ತಕ್ಕೆ ಬಂದು ಅಳೆಯುತ್ತಾರಂತೆ. ಆಗಲೂ ಹೀಗೇ ಇದ್ದರೆ ಚಿಮಣಿಯ ಬಾಯಿಗೆ ತಗಡು ಬಡಿದು ಮೊಹರು ಹಾಕುತ್ತಾರಂತೆ.

ಚಿಮಣಿ ಒಂದೇ, ಅದು ನಿಜ. ಕೆಳಗೆ ಮನೆ ಎರಡು. ಮೊದಲು ಇದೂ ಒಂದೇ ಮನೆಯಾಗಿತ್ತು. ದೊಡ್ಡ ಹಜಾರ, ಅದರ ಮಧ್ಯದಲ್ಲಿ ಎರಡು ಕಡೆಗೂ ಬಾಯಿ ತೆರೆದ ಅಗ್ಗಿಷ್ಟಿಕೆ. ಅಮ್ಮ ಹೋದ ಮೇಲೆ ಪಾಲಾಯಿತು. ಹಜಾರದ ನಡುವೆ ಇಟ್ಟಿಗೆ ಗೋಡೆ ಎದ್ದಿತು, ಅಗ್ಗಿಷ್ಟಿಕೆಯ ಒಳಗೂ ಎದ್ದಿತು. ಈಗ ಅರ್ಧ ನನ್ನದು, ಅರ್ಧ ಆಚೆಯವನದು. ಆಚೆಯವನು ಎಂದರೆ ನನ್ನ ಒಡಹುಟ್ಟಿದವನು, ಊರೊಳಗಿನ ಬಸ್ಸಿನ ಡ್ರೈವರು. ನಾವು ಮಾತು ಬಿಟ್ಟು ಹನ್ನೊಂದು ವರ್ಷ. ಅವನ ಬಸ್ಸು ಬಂದರೆ ನಾನು ಹತ್ತುವುದಿಲ್ಲ, ಮುಂದಿನದಕ್ಕೆ ಕಾಯುತ್ತೇನೆ.

ಮೇಲೆ ಹೋದ ಹೊಗೆಯಲ್ಲಿ ನನ್ನದೆಷ್ಟು, ಅವನದೆಷ್ಟು ಎಂದು ಯಾರಿಗೆ ಗೊತ್ತು? ನನ್ನ ಪ್ರಕಾರ ಪೂರ್ತಿ ಅವನದೇ.

ಬೆಂಕಿಯಿಲ್ಲದೆ ಈ ಮನೆಯಲ್ಲಿ ಚಳಿಗಾಲ ಕಳೆಯುವುದು ನನ್ನಿಂದಾಗದು. ಇಡೀ ದಿನ ಕತ್ತರಿ ಹಿಡಿದ ಬೆರಳುಗಳು ಸಂಜೆ ಕಾಯಿಸಿಕೊಳ್ಳದಿದ್ದರೆ ಮಡಚುವುದಿಲ್ಲ. ಅದೊಂದೇ ಅಲ್ಲ. ಬೀಗ ತೆಗೆದು ಒಳಗೆ ಬಂದಾಗ ಮನೆಯಲ್ಲಿ ಅಲುಗಾಡುವುದು ಏನಾದರೂ ಇರಬೇಕು. ನನಗೆ ಇರುವುದು ಅದೊಂದೇ.

ನವೆಂಬರ್ ೬, ಗುರುವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಇವತ್ತು ಹೊಲಿಗೆ ಅಂಗಡಿಯಲ್ಲಿ ಒಂದು ಪರದೆ ಬಟ್ಟೆಯನ್ನು ಎರಡಿಂಚು ಗಿಡ್ಡ ಕತ್ತರಿಸಿದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಪಕ್ಕದ ಮೇಜಿನಲ್ಲಿ ಗುಂಡಿಗೆ ಕಾಜಾ ಹಾಕುವವಳು ನೋಡಿಬಿಟ್ಟಳು.

"ಏನಾಗಿದೆ ಮಾಸ್ಟರಮ್ಮ? ಲವ್ವಾ?"

"ಹೊಗೆ," ಎಂದೆ.

ಅವಳ ಗಂಡ ಬಡಗಿ. ಹೊಗೆ ಬರುವುದು ಹಸಿ ಸೌದೆಯಿಂದ ಎಂದಳು. ಸೌದೆಯಲ್ಲಿ ನೀರೆಷ್ಟಿದೆ ಎಂದು ಹೇಳುವ ಎರಡು ಮುಳ್ಳಿನ ಯಂತ್ರ ಅವನ ಹತ್ತಿರ ಇದೆಯಂತೆ, ನಾಳೆ ತಂದುಕೊಡುತ್ತಾಳಂತೆ. ನನ್ನ ಸೌದೆ ಹಸಿಯಲ್ಲ ಎಂದು ವಾದಿಸಿದೆ. ಎರಡು ವರ್ಷದ ಸೌದೆ, ಹನಿ ನೀರು ಸೋಕದಂತೆ ಪ್ಲಾಸ್ಟಿಕ್ ಹೊದಿಸಿ, ಸುತ್ತಲೂ ಹಗ್ಗ ಬಿಗಿದು ಇಟ್ಟಿದ್ದೇನೆ.

ನವೆಂಬರ್ ೯, ಭಾನುವಾರ

ಹಸಿಯೇ.

ಯಂತ್ರದ ಮುಳ್ಳು ಚುಚ್ಚಿದರೆ ಮೂವತ್ತನಾಲ್ಕು ತೋರಿಸುತ್ತದೆ. ಇಪ್ಪತ್ತರ ಒಳಗಿರಬೇಕಂತೆ. ಹೊದಿಕೆ ಬಿಚ್ಚಿದರೆ ಒಳಗೆಲ್ಲ ಬೂಷ್ಟು. ನಾನು ಮಳೆಯನ್ನು ಹೊರಗಿಟ್ಟೆ ಎಂದುಕೊಂಡಿದ್ದೆ, ಸೌದೆಯ ಬೆವರನ್ನು ಒಳಗೇ ಕಟ್ಟಿಹಾಕಿದ್ದೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಎಲ್ಲ ಕೆಳಗಿಳಿಸಿ, ಸಂದು ಬಿಟ್ಟು, ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದೆ. ಸೊಂಟ ಬಿದ್ದುಹೋಯಿತು.

ಬೇಲಿಯಾಚೆ ಅವನ ಸೌದೆ ಕಂಡಿತು. ತಲೆಗೆ ಮಾತ್ರ ತಗಡು, ಪಕ್ಕಗಳೆಲ್ಲ ಖುಲ್ಲಾ. ಎಲ್ಲ ಒಂದೇ ಉದ್ದ. ಮೊದಲಿಂದಲೂ ಹೀಗೇ ಇಟ್ಟಿದ್ದನೋ, ನೋಟೀಸು ನೋಡಿ ಹೀಗಿಟ್ಟನೋ? ಬೇಲಿ ಸಂದಿನಿಂದ ಕೈ ಹಾಕಿ ಯಂತ್ರ ಚುಚ್ಚಿ ನೋಡಿದೆ. ಹದಿನಾರು! ಮೈಯೆಲ್ಲ ಉರಿಯಿತು.

ಒಂದು ಉಪಾಯ ಹೊಳೆದಿದೆ. ನಮ್ಮಲ್ಲಿ ದಿನಾ ಮೂಟೆಗಟ್ಟಲೆ ಚಿಂದಿ ಕಸಕ್ಕೆ ಹೋಗುತ್ತದೆ. ಹತ್ತಿಯ ತುಂಡುಗಳನ್ನಷ್ಟೇ ಆರಿಸಿ, ಬಡಗಿಯ ಮನೆಯ ಮರದ ಹೊಟ್ಟಿನ ಜೊತೆ ನೆನೆಸಿ, ಡಬ್ಬಿಯಲ್ಲಿ ಒತ್ತಿ ಇಟ್ಟಿಗೆ ಮಾಡಿದರೆ? ಮರ ಕಡಿಯುವುದೂ ತಪ್ಪಿತು, ಕಸವೂ ಕಮ್ಮಿಯಾಯಿತು. ಹದಿನಾರರವನಿಗೆ ಇಂಥದ್ದು ಹೊಳೆಯುತ್ತದೆಯೇ?

ನವೆಂಬರ್ ೧೩, ಗುರುವಾರ

ಬೆಂಕಿಯನ್ನು ಮೇಲಿನಿಂದ ಹಚ್ಚಬೇಕಂತೆ. ಕೆಳಗೆ ದಪ್ಪ ಸೌದೆ, ಅದರ ಮೇಲೆ ಸಣ್ಣವು, ಎಲ್ಲಕ್ಕಿಂತ ಮೇಲೆ ಒಣ ಪುರಲೆ ಕಡ್ಡಿ. ಮೇಲೆ ಹುಟ್ಟಿದ ಉರಿ ಕೆಳಗಿನ ಹೊಗೆಯನ್ನೂ ಸುಡುತ್ತದಂತೆ. ಬಡಗಿ ಹೇಳಿ ಕಳಿಸಿದ್ದು. ಮೂರು ಸಲ ಹಚ್ಚಿದೆ, ಮೂರು ಸಲವೂ ಪುರಲೆ ಉರಿದು ಬೂದಿಯಾಯಿತು, ಸೌದೆ ಹಾಗೇ ನನ್ನ ಮುಖ ನೋಡುತ್ತಾ ಕೂತಿತು. ನಾಲ್ಕನೇ ಸಲ ಹತ್ತಿತು. ಹತ್ತಿದರೂ ಹೊಗೆ ಕೋಣೆಗೇ ಬರುತ್ತದೆ, ಮೇಲೆ ಹೋಗಲು ಅದಕ್ಕೆ ಮನಸ್ಸೇ ಇಲ್ಲ. ಕಣ್ಣುರಿ. ಸಾಕು.

ನವೆಂಬರ್ ೧೬, ಭಾನುವಾರ

ಚಿಂದಿಯ ಇಟ್ಟಿಗೆ ಒಣಗಿದವು. ಆರು. ನೋಡಲು ಎಷ್ಟು ಚೆನ್ನಾಗಿದ್ದವೆಂದರೆ ಸುಡಲು ಮನಸ್ಸಾಗಲಿಲ್ಲ. ಸುಟ್ಟೆ.

ಮೊದಲ ಐದು ನಿಮಿಷ ಭರ್ಜರಿ ಉರಿ. ಆಮೇಲೆ ಡಾಂಬರು ಕಾಯಿಸಿದಂಥ ಕರಿ ಹೊಗೆ. ಕಿಟಕಿ ತೆರೆದು ಹೊರಗೆ ತಲೆ ಹಾಕಿದರೆ ಚಿಮಣಿಯ ಮೇಲೂ ಅದೇ. ಎದುರುಮನೆಯವರು ಬೀದಿಗೆ ಬಂದು ನೋಡುತ್ತಿದ್ದರು. ಕಾಲರಿನ ಒಳಗೆ ಇಡುವ ಗಟ್ಟಿ ಪಟ್ಟಿ! ಅದಕ್ಕೆ ಅಂಟು ಬಳಿದಿರುತ್ತದೆ, ಅದು ಹತ್ತಿಯೂ ಅಲ್ಲ. ಕಣ್ಣು ಮುಚ್ಚಿ ಬೆರಳಲ್ಲೇ ಬಟ್ಟೆ ಗುರುತಿಸುವವಳು ನಾನು. ಅದೇ ನಾನು ಒಂದು ಬುಟ್ಟಿ ಕಾಲರು ಚೂರನ್ನು ಹಾಗೇ ನೆನೆಹಾಕಿದ್ದೆ.

ಇಕ್ಕಳದಲ್ಲಿ ಅವನ್ನು ಹಿಡಿದೆಳೆದು ಬಕೆಟ್ಟಿಗೆ ಹಾಕುತ್ತಿದ್ದಾಗ ಗೋಡೆ ಬಡಿದ ಸದ್ದು. ಮೂರು ಸಲ. ಹನ್ನೊಂದು ವರ್ಷದಲ್ಲಿ ಆ ಕಡೆಯಿಂದ ಬಂದ ಮೊದಲ ಮಾತು ಅದು. ನಾನೂ ಇಕ್ಕಳದಿಂದ ಮೂರು ಸಲ ಬಡಿದೆ. ನಾನೇಕೆ ಸುಮ್ಮನಿರಲಿ?

ನವೆಂಬರ್ ೧೭, ಸೋಮವಾರ

ಬೆಳಗ್ಗೆ ಬಾಗಿಲಡಿ ಒಂದು ಚೀಟಿ. ಡ್ಯೂಟಿ ಹಾಳೆಯ ಹಿಂಬದಿ. "ಏನು ಸುಡ್ತಿದ್ದೀಯ? ಉಸಿರು ಕಟ್ತಿದೆ."

ನಾನು ಅಚ್ಚು ಕತ್ತರಿಸುವ ಕಂದು ಕಾಗದದಲ್ಲಿ ಬರೆದೆ: "ಹತ್ತಿ." ಅವನ ಬಾಗಿಲಡಿ ತಳ್ಳಿದೆ.

ಸಂಜೆ ಬಂದಾಗ ಇನ್ನೊಂದು. "ಹತ್ತಿ ಹೀಗೆ ನಾರಲ್ಲ."

ಅಕ್ಷರ ಇನ್ನೂ ಹಾಗೇ ಇದೆ. ಎಲ್ಲ ಬಲಕ್ಕೆ ವಾಲಿ, ಬಸ್ಸು ತಿರುವಿನಲ್ಲಿದ್ದಂತೆ. ಉತ್ತರ ಬರೆಯಲಿಲ್ಲ. ಎರಡೂ ಚೀಟಿಯನ್ನು ಒಲೆಗೆ ಹಾಕೋಣವೆಂದುಕೊಂಡೆ. ಕಾಗದ ಸುಟ್ಟರೂ ಹೊಗೆಯೇ ಎಂದು ಈ ಪುಸ್ತಕದೊಳಗೆ ಇಟ್ಟಿದ್ದೇನೆ.

ನವೆಂಬರ್ ೨೧, ಶುಕ್ರವಾರ

ಚಿಮಣಿ ಗುಡಿಸುವವಳನ್ನು ಕರೆಸಿದೆ. ನನ್ನದೇ ವಯಸ್ಸು, ನನಗಿಂತ ಗಟ್ಟಿ ಬಾಯಿ. ಹೆಗಲ ಮೇಲೆ ಸುರುಳಿ ಸುತ್ತಿದ ಉದ್ದನೆಯ ಬ್ರಷ್ಷು, ಮುಖದ ತುಂಬ ಮಸಿ. ಬಂದವಳೇ ಅಗ್ಗಿಷ್ಟಿಕೆಯೊಳಗೆ ತಲೆ ಹಾಕಿ, ಕನ್ನಡಿ ಹಿಡಿದು, ಟಾರ್ಚು ಬಿಟ್ಟು ಮೇಲೆ ನೋಡಿದಳು. ಬ್ರಷ್ಷು ತೂರಿಸಿದಳು. ಎರಡು ಮಾರು ಹೋಗಿ ಸಿಕ್ಕಿಕೊಂಡಿತು. ಕೆಳಗೆ ಬಿದ್ದ ಮಸಿ ಪುಡಿಯಾಗಿರಲಿಲ್ಲ, ಬೆಲ್ಲದ ಪಾಕದಂತೆ ಮಿರುಗುತ್ತಿತ್ತು.

"ಯಾವ ಪುಣ್ಯಾತ್ಮರು ಕಟ್ಟಿಸಿದ್ದು ಇದರೊಳಗೆ ಗೋಡೆ?" ಎಂದು ಕೇಳಿದಳು.

"ಯಾಕೆ?"

"ಯಾಕೆ ಅಂದ್ರೆ! ಒಲೆ ಬಾಯಿಗಷ್ಟೇ ಅಲ್ಲ, ಚಿಮಣಿ ಗಂಟಲೊಳಗೂ ನಾಲ್ಕಡಿ ಏರಿಸಿಬಿಟ್ಟಿದ್ದಾರೆ. ಹೊಗೆಗೆ ಹೋಗೋಕೆ ದಾರಿ ಎಲ್ಲಿದೆ? ಅಲ್ಲೇ ನಿಂತು ತಣ್ಣಗಾಗಿ ಅಂಟಿಕೊಳ್ಳತ್ತೆ. ನೀವು ಚಂದನ ಸುಟ್ಟರೂ ಹೊಗೆ ಬರತ್ತೆ. ನಿಮ್ಮ ಕಡೆ, ಆ ಕಡೆ, ಎರಡೂ ಕಡೆ ಇದೇ ಹಾಡು. ಯಾರಿಗೆ ಬಂತು ಈ ಬುದ್ಧಿ?"

"ಹಳೇದು," ಎಂದೆ. "ನಂಗೊತ್ತಿಲ್ಲ."

ಮಾಡಬಹುದಾದದ್ದು ಒಂದೇ ಎಂದಳು. ಒಳಗಿನ ಗೋಡೆ ಒಡೆಯಬೇಕು. ಆ ಜಾಗದಲ್ಲಿ ಎರಡು ಬದಿಗೂ ಗಾಜಿರುವ ಕಬ್ಬಿಣದ ಒಲೆ ಕೂರಿಸಿ, ಅದರಿಂದ ಚಿಮಣಿಯ ತುದಿವರೆಗೆ ಒಂದೇ ಉಕ್ಕಿನ ಕೊಳವೆ ಬಿಡಬೇಕು. ಉರಿಗೆ ಬೇಕಾದ ಗಾಳಿ ಹೊರಗಿನಿಂದ ಬರುತ್ತದೆ, ಹೊಗೆ ಒಲೆಯೊಳಗೇ ಉರಿದುಹೋಗುತ್ತದೆ. ಎರಡು ಬೆಂಕಿಯ ಬದಲು ಒಂದು, ಸೌದೆ ಮೂರರಲ್ಲೊಂದು ಪಾಲು ಸಾಕು, ಬೆಚ್ಚಗಾಗುವುದು ಎರಡು ಮನೆ. ಒಂದು ತೊಡಕಿದೆ. ಇಂಥ ಒಲೆಯಲ್ಲಿ ತೆರೆಯುವ ಬಾಗಿಲು ಒಂದೇ ಕಡೆ, ಇನ್ನೊಂದು ಕಡೆ ಬರೀ ಗಾಜು. ಸೌದೆ ಹಾಕುವುದು, ಹಚ್ಚುವುದು ಬಾಗಿಲಿರುವ ಕಡೆಯವರು. ಮಿಕ್ಕವರು ನೋಡಬಹುದು, ಕಾಯಿಸಿಕೊಳ್ಳಬಹುದು.

"ಪಕ್ಕದವರ ಹತ್ರ ಮಾತಾಡಿ ಹೇಳಿ," ಎಂದಳು.

"ನಾವು ಮಾತಾಡಲ್ಲ."

ಅವಳು ಬ್ರಷ್ಷು ಸುತ್ತಿಕೊಂಡಳು. "ಹಾಗಾದ್ರೆ ಎರಡು ಕೌದಿ ಹೊಲ್ಕೊಳ್ಳಿ. ಹೇಗೂ ನಿಮ್ಮದೇ ಕಸುಬು."

ನವೆಂಬರ್ ೨೨, ಶನಿವಾರ

ಬರೆಯಲು ಏನಿಲ್ಲ. ಬೆಂಕಿ ಹಾಕಲಿಲ್ಲ. ಅಡುಗೆಮನೆಯಲ್ಲೇ ಕೂತಿದ್ದೆ.

ನವೆಂಬರ್ ೨೫, ಮಂಗಳವಾರ

ಹಳೇದು, ನನಗೆ ಗೊತ್ತಿಲ್ಲ ಎಂದೆನಲ್ಲ, ಅದು ನಾಲ್ಕು ದಿನದಿಂದ ಕೊರೆಯುತ್ತಿದೆ. ಇಲ್ಲಿ ಯಾರೂ ಓದುವುದಿಲ್ಲ, ಬರೆದೇಬಿಡುತ್ತೇನೆ.

ಅಗ್ಗಿಷ್ಟಿಕೆಯೊಳಗೆ ಗೋಡೆ ಕಟ್ಟಿಸಿದ್ದು ನಾನು. ಗಾರೆಯವ ಹಜಾರದ ಗೋಡೆ ಎಬ್ಬಿಸಿ ಅಗ್ಗಿಷ್ಟಿಕೆಯ ಹತ್ತಿರ ಬಂದು ಕೈ ನಿಲ್ಲಿಸಿದ್ದ. "ಇದನ್ನ ಹೀಗೇ ಬಿಡೋಣ ಅಕ್ಕ, ಇದೊಂದು ಇಬ್ಬರಿಗೂ ಇರಲಿ," ಎಂದು ತಮ್ಮ ಅಂದಿದ್ದ. ನಾನು ಕೊರಳಿನ ಟೇಪು ತೆಗೆದು ಅಗ್ಗಿಷ್ಟಿಕೆಯ ಬಾಯಿಗೆ ಹಿಡಿದೆ. ನಲವತ್ತೆಂಟಿಂಚು. ಇಪ್ಪತ್ತನಾಲ್ಕಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮೇಲಿನವರೆಗೂ ಕಟ್ಟು, ಒಂದು ಕಿಡಿಯೂ ಆ ಕಡೆಗೆ ಹಾರಬಾರದು ಎಂದೆ.

ಯಾಕೆಂದರೆ ಅಮ್ಮ. ಹನ್ನೊಂದು ತಿಂಗಳು ಅವಳ ಹಾಸಿಗೆ ಬದಲಿಸಿದವಳು ನಾನು, ಬಾಯಿಗೆ ಚಮಚ ಹಿಡಿದವಳು ನಾನು. ಕೊನೆಯ ವಾರ ಅವಳು ಕರೆದದ್ದು ಅವನನ್ನು. "ಗುಂಡ ಬಂದನಾ? ಗುಂಡ ಬಂದನಾ?" ಆಗ ಅವನು ದೂರದೂರಿನ ಬಸ್ಸಿನಲ್ಲಿದ್ದ. ಒಂದು ದಿನ ತಡವಾಗಿ ಬಂದ. ತಡವಾಗಿ ಬಂದನೆಂದು ಸಿಟ್ಟು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಪೂರ್ತಿ ನಿಜವಲ್ಲ. ಪಕ್ಕದಲ್ಲೇ ಕೂತಿದ್ದ ನನ್ನನ್ನು ಅವಳು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ನನಗೆ ಹೊಟ್ಟೆಯುರಿ ಆಗಿತ್ತು. ಅಷ್ಟೇ.

ಬರೆದು ಹಗುರವೇನೂ ಆಗಲಿಲ್ಲ. ಕೋಣೆಯಲ್ಲಿ ಚಳಿ. ಎದ್ದು ಎದ್ದು ಓಡಾಡುತ್ತಿದ್ದೇನೆ.

ನವೆಂಬರ್ ೨೭, ಗುರುವಾರ

ಇವತ್ತು ಅವನ ಬಸ್ಸು ಹತ್ತಿದೆ. ಮಳೆ ಬರುತ್ತಿತ್ತು, ಅದಕ್ಕೆ.

ಮಳೆ ಅಂಥದ್ದೇನೂ ಇರಲಿಲ್ಲ.

ನಮ್ಮೂರಿನ ಬಸ್ಸಿನಲ್ಲಿ ಟಿಕೆಟ್ಟೂ ಡ್ರೈವರೇ ಕೊಡಬೇಕು. ಅವನು ನನ್ನ ಮುಖ ನೋಡಿದ, ಯಂತ್ರ ಒತ್ತಿದ, ಟಿಕೆಟ್ಟು ಕೊಟ್ಟ. ಎಲ್ಲಿಗೆ ಎಂದೂ ಕೇಳಲಿಲ್ಲ. ತಲೆ ಪೂರ್ತಿ ನರೆತಿದೆ. ನಾನು ಅವನ ಹಿಂದೆಯೇ ಕಂಬ ಹಿಡಿದು ನಿಂತೆ.

"ಚಿಮಣಿ ವಿಷಯ ಮಾತಾಡಬೇಕು," ಎಂದೆ.

"ಬಸ್ ಓಡಿಸುವವರ ಜೊತೆ ಮಾತಾಡಬಾರದು ಅಂತ ಬೋರ್ಡ್ ಇದೆ," ಎಂದ. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

ನನ್ನ ಸ್ಟಾಪು ಬಂತು, ಹೋಯಿತು. ಕೊನೆಯ ಸ್ಟಾಪಿನವರೆಗೆ ಕಂಬ ಹಿಡಿದೇ ಇದ್ದೆ. ಎಲ್ಲರೂ ಇಳಿದ ಮೇಲೆ ಅವನು ಎಂಜಿನ್ ಆರಿಸಿ, ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತ.

"ಏಳು ನಿಮಿಷ ಇದೆ. ಹೇಳು."

ಹೇಳಿದೆ. ಚಿಮಣಿಯವಳು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅವನು ತಲೆಯಾಡಿಸುತ್ತಾ ಕೇಳಿದ. ಅವಳನ್ನು ಅವನು ನನಗಿಂತ ಹತ್ತು ದಿನ ಮೊದಲೇ ಕರೆಸಿದ್ದನಂತೆ! ಎಲ್ಲವೂ ಗೊತ್ತಿತ್ತಂತೆ.

"ಮತ್ತೆ ಬಾಯಿ ಬಿಡಬಾರದಿತ್ತಾ?" ನನ್ನ ದನಿ ಎತ್ತರವಾಯಿತು. "ನಾನಿಲ್ಲಿ ಚಿಂದಿ ನೆನೆಸಿ ಸಾಯ್ತಿದ್ದೀನಿ!"

"ಹೇಗೆ ಹೇಳಲಿ ಅಕ್ಕ? ಅದು ನೀನು ಅಳೆದು ಕಟ್ಟಿಸಿದ ಗೋಡೆ. ಒಡೆಯೋಣ ಅಂತ ನಾನು ಹೇಳೋಕಾಗತ್ತಾ?"

ಏನಾದರೂ ಹೇಳಬೇಕಲ್ಲ ಎಂದು, "ದೂರದ ಬಸ್ಸು ಯಾವಾಗ ಬಿಟ್ಟೆ?" ಎಂದು ಕೇಳಿದೆ.

"ಅಮ್ಮ ಹೋದ ತಿಂಗಳೇ. ಇನ್ನು ಊರು ಬಿಟ್ಟು ಹೋಗಲ್ಲ ಅಂತ ಬರೆದುಕೊಟ್ಟೆ." ಅವನು ಕನ್ನಡಿ ಸರಿಮಾಡಿದ. ಅದು ಸರಿಯಾಗಿಯೇ ಇತ್ತು.

ಆಮೇಲೆ ಜಗಳ ಶುರುವಾಯಿತು. ಒಲೆಯ ಬಾಗಿಲು ಯಾರ ಕಡೆ? ನನ್ನ ಕಡೆ ಎಂದೆ. ಚೆನ್ನಾಗಿ ಒಣಗಿದ ಸೌದೆ ಇರೋದು ನನ್ನ ಹತ್ರ ಎಂದ. ಹದಿನಾರು ಎಂದು ನನಗೂ ಗೊತ್ತು ಎಂದುಬಿಟ್ಟೆ. ಅದು ನಿನಗೆ ಹೇಗೆ ಗೊತ್ತು ಎಂದ. ಏಳು ನಿಮಿಷ ಅದರಲ್ಲೇ ಮುಗಿಯಿತು.

"ಸರಿ," ಎಂದ ಕೊನೆಗೆ. "ವಾಪಸ್ ಹೋಗೋಕೆ ಹೇಗೂ ನಿಂಗೆ ಟಿಕೆಟ್ ಬೇಕು. ನಂಬರ್ ಬೆಸ ಬಂದ್ರೆ ಬಾಗಿಲು ನಿಂದು. ಸಮ ಬಂದ್ರೆ ನಂದು. ಆಮೇಲೆ ತಕರಾರು ತೆಗೀಬಾರದು."

ಯಂತ್ರ ಒತ್ತಿದ. ಕೊನೆಯ ಅಂಕಿ ಏಳು. ನಾನು ಗೆದ್ದೆ! ಮನೆಯವರೆಗೆ ಟಿಕೆಟ್ಟನ್ನು ಮುಷ್ಟಿಯಲ್ಲೇ ಹಿಡಿದು ಬಂದೆ.

ಡಿಸೆಂಬರ್ ೩, ಬುಧವಾರ

ಗೋಡೆ ಒಡೆದರು. ಚಿಮಣಿಯವಳೂ ಅವಳು ಕರೆತಂದ ಗಾರೆಯವನೂ ಬೆಳಗ್ಗೆಯಿಂದ ಕುಟ್ಟಿದ್ದೇ ಕುಟ್ಟಿದ್ದು. ಅವರ ಅಪ್ಪಣೆಯಂತೆ ನಾನು ಅಡುಗೆಮನೆಯಲ್ಲಿದ್ದೆ, ಆದರೆ ಹತ್ತು ಸಲ ಇಣುಕಿದೆ. ಮೊದಲ ಇಟ್ಟಿಗೆ ಆ ಕಡೆಗೆ ಬಿತ್ತು. ತೂತಿನಲ್ಲಿ ಎರಡು ಪಾದ ಕಂಡವು. ನೀಲಿ ಕಾಲುಚೀಲ, ಬಲಗಾಲಿನ ಹೆಬ್ಬೆರಳು ಹೊರಗೆ. ಇಷ್ಟು ವಯಸ್ಸಾಗಿದೆ, ಒಂದು ಕಾಲುಚೀಲ ಹೊಲಿದುಕೊಳ್ಳಲು ಬರುವುದಿಲ್ಲ.

ಒಲೆ ಕೂರಿಸುವುದು ಶನಿವಾರವಂತೆ. ಅಲ್ಲಿಯವರೆಗೆ ಮಧ್ಯದಲ್ಲಿ ಹೀಗೇ ಬಟಾಬಯಲು. ಆ ಕಡೆಯ ಗಾಳಿ ಈ ಕಡೆ, ಈ ಕಡೆಯದು ಆ ಕಡೆ. ಕತ್ತರಿಸಿ ಹಾಳುಮಾಡಿದ್ದ ಆ ಎರಡಿಂಚು ಗಿಡ್ಡ ಪರದೆಯನ್ನು ತಂದು ತೂಗುಹಾಕಿದೆ. ಕೆಳಗೆ ಎರಡಿಂಚು ಸಂದು ಉಳಿಯಿತು.

ಸಂಜೆ ಚಹಾ ಕುಡಿಯುತ್ತಿದ್ದಾಗ ಪರದೆಯಾಚೆಯಿಂದ, "ಅಕ್ಕ, ಸಕ್ಕರೆ ಇದೆಯಾ?" ಎಂದ. ಸಂದಿನಿಂದ ಡಬ್ಬಿ ತಳ್ಳಿದೆ. ಸ್ವಲ್ಪ ಹೊತ್ತಿಗೆ ಡಬ್ಬಿ ವಾಪಸು ಬಂತು. ಅದರ ಮೇಲೆ ಎರಡು ಬಿಸ್ಕತ್ತು.

"ಕಾಲುಚೀಲ ಇತ್ತ ತಳ್ಳು," ಎಂದೆ. ಪೇರಿಸಿಟ್ಟ ಬಟ್ಟೆ ಎದುರಿಗಿದ್ದರೂ ಸಂಜೆಯೆಲ್ಲ ಅದನ್ನೇ ಹೊಲಿದೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಡಿಸೆಂಬರ್ ೯, ಮಂಗಳವಾರ

ಅಳೆಯುವವನು ಬೆಳಗ್ಗೆ ಹತ್ತಕ್ಕೆ ಬರುತ್ತೇನೆಂದವನು ಹನ್ನೆರಡಕ್ಕೆ ಬಂದ. ಎರಡು ಗಂಟೆಯಲ್ಲಿ ನಾನು ಒಲೆಯ ಗಾಜು ಐದು ಸಲ ಒರೆಸಿದೆ. ತಮ್ಮನ ಒಣ ಸೌದೆ, ನನ್ನ ಮೇಲಿನಿಂದ ಹಚ್ಚುವ ವಿದ್ಯೆ. ಅವನು ಪಾಳಿ ಬದಲಿಸಿಕೊಂಡು ಬೀದಿಯಲ್ಲಿ ನಿಂತು ಮೇಲೆ ನೋಡುತ್ತಿದ್ದ.

ಬಂದವನು ಗಂಟುಮುಖ ಹೊತ್ತು ಚಿಮಣಿ ನೋಡಿದ, ಗಡಿಯಾರ ನೋಡಿದ.

"ಬೆಂಕಿ ಹಚ್ಚಿ ಸ್ವಾಮಿ, ಎಷ್ಟು ಹೊತ್ತು ಕಾಯೋದು?" ಎಂದ.

"ಹಚ್ಚಿ ಎರಡು ಗಂಟೆ ಆಯ್ತು," ಎಂದ ತಮ್ಮ.

ಅವನು ನಂಬದೆ ಒಳಗೆ ಬಂದು ಒಲೆ ನೋಡಿದ. ನಿಗಿನಿಗಿ ಉರಿಯುತ್ತಿತ್ತು. ಮೇಲೆ ಹತ್ತಿ ಯಂತ್ರ ಹಿಡಿದ. ಕೆಳಗಿಳಿದು ಒಂದು ಹಸಿರು ಚೀಟಿ ಕೊಟ್ಟು, ಮುಂಗೋಡೆಯ ನೋಟೀಸು ಕಿತ್ತುಕೊಂಡು ಹೋದ. ಇನ್ನು ಮೊಹರಿಲ್ಲ. ಬೀದಿಯಲ್ಲೇ ತಮ್ಮ ನನ್ನ ಬೆನ್ನ ಮೇಲೆ ಒಂದು ಏಟು ಹಾಕಿದ, ಚಿಕ್ಕಂದಿನಲ್ಲಿ ಹಾಕುತ್ತಿದ್ದಂತೆ. ಎದುರುಮನೆಯವರು ನೋಡುತ್ತಿದ್ದರು. ನೋಡಲಿ.

ಡಿಸೆಂಬರ್ ೧೨, ಶುಕ್ರವಾರ

ಬಾಗಿಲು ಗೆದ್ದದ್ದರ ಫಲ: ದಿನಾ ಬೆಳಗ್ಗೆ ಐದೂಕಾಲಿಗೆ ಏಳಬೇಕು. ನನ್ನ ಕೆಲಸ ಒಂಬತ್ತಕ್ಕೆ. ಅವನ ಬಸ್ಸು ಆರಕ್ಕೆ ಹೊರಡುತ್ತದೆ. ಅವನಿಗೋಸ್ಕರ ಏಳುತ್ತೇನೆಂದಲ್ಲ. ತಣ್ಣಗಿನ ಒಲೆ ನಿಧಾನವಾಗಿ ಕಾದರೆ ಗಾಳಿಯ ಸೆಳೆತ ಚೆನ್ನಾಗಿರುತ್ತದೆ. ಒಲೆಯ ಜೊತೆ ಬಂದ ಪುಸ್ತಕದಲ್ಲೇ ಇದೆ.

ಉರಿಯಾಚೆ ಅವನು ಬೂಟು ಕಟ್ಟಿಕೊಳ್ಳುವುದು ಕಾಣುತ್ತದೆ. ಹೊರಡುವಾಗ ಗಾಜಿಗೆ ಬೆರಳಿನಿಂದ ಟಕ್ ಎಂದು ಒಂದು ಏಟು. ನಾನೂ ಒಂದು. ಬೂದಿಯನ್ನು ಅವನ ಹಿತ್ತಿಲಿನ ಗಿಡಗಳಿಗೆ ಕೊಡುತ್ತಿದ್ದೇನೆ, ಸುಮ್ಮನೆ ಎಸೆಯುವುದೇಕೆ?

ಡಿಸೆಂಬರ್ ೧೮, ಗುರುವಾರ

ಮೋಸಗಾರ!

ಇವತ್ತು ಗುಂಡನ ಬಸ್ಸಿನಲ್ಲಿ ಜನ ಜಾಸ್ತಿ. ನಾನು ಮುಂದೆ ಒತ್ತಿಕೊಂಡು ಟಿಕೆಟ್ಟು ಯಂತ್ರದ ಪಕ್ಕದಲ್ಲೇ ನಿಂತಿದ್ದೆ. ಆ ಯಂತ್ರಕ್ಕೆ ಅವನ ಕಡೆಗೆ ಒಂದು ಪುಟ್ಟ ಕಿಟಕಿ ಇದೆ. ಮುಂದೆ ಬರುವ ಟಿಕೆಟ್ಟಿನ ನಂಬರು ಅದರಲ್ಲಿ ಮೊದಲೇ ಕಾಣುತ್ತದೆ. ಅಂದರೆ ಅವತ್ತು ಏಳು ಬರುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬೆಸ ನನಗೆ ಎಂದ.

ನಾನು ಕಿಟಕಿ ನೋಡಿದ್ದು ಅವನಿಗೆ ಕಂಡಿತು. ಅವನು ಬೋರ್ಡಿನ ಕಡೆ ಬೆರಳು ತೋರಿಸಿದ. ಡ್ರೈವರ ಜೊತೆ ಮಾತಾಡಬಾರದು. ಮಾತಾಡಲಿಲ್ಲ. ಇಳಿಯುವ ಹೊತ್ತಿಗೆ ಕಣ್ಣು ಯಾಕೋ ಉರಿಯುತ್ತಿತ್ತು. ಈಗ ಮನೆಯಲ್ಲಿ ಹೊಗೆಯೂ ಇಲ್ಲ.

ಡಿಸೆಂಬರ್ ೨೨, ಸೋಮವಾರ

ಜ್ವರ. ಬೆಳಗ್ಗೆ ಏಳಲಾಗಲಿಲ್ಲ. ಗಡಿಯಾರ ಐದೂಕಾಲು ಎಂದಿತು, ಮಲಗೇ ಇದ್ದೆ. ಗಾಜಿಗೆ ಟಕ್. ಮತ್ತೆ ಟಕ್. ಐದೂ ಇಪ್ಪತ್ತಾರಕ್ಕೆ ಬಾಗಿಲು ಒಡೆದುಹೋಗುವಂತೆ ಬಡಿದ ಸದ್ದು. ಗೋಡೆ ಹಿಡಿದುಕೊಂಡು ಹೋಗಿ ತೆಗೆದೆ. ಅರ್ಧ ಸಮವಸ್ತ್ರ, ಒಂದೇ ಬೂಟು.

"ಬೆಂಕಿ ಕಾಣಲಿಲ್ಲ," ಎಂದ. ಮುಖ ಬಿಳಿಚಿತ್ತು. "ಬೆಂಕಿ ಕಾಣಲಿಲ್ಲ ಅಕ್ಕ."

ಒಲೆ ಹಚ್ಚಿದ. ಕೆಳಗಿನಿಂದಲೇ ಹಚ್ಚಿದ, ಬೈಯಲು ನನಗೆ ಶಕ್ತಿ ಇರಲಿಲ್ಲ. ಬಸ್ಸಿಗೆ ಬೇರೆಯವರನ್ನು ಕಳಿಸಲು ಫೋನು ಮಾಡಿದ. ಕಣ್ಣು ಮುಚ್ಚಿಹೋಗುತ್ತಿದೆ, ಸಾಕು.

ಜನವರಿ ೪, ಭಾನುವಾರ

ಒಲೆಯ ಒಂದು ಪರೀಕ್ಷೆ ಮಾಡಬೇಕಿತ್ತು. ಬೆಂಕಿ ಹಚ್ಚದಿದ್ದರೆ ಕೋಣೆ ಎಷ್ಟು ಹೊತ್ತು ಬೆಚ್ಚಗಿರುತ್ತದೆ ಎಂದು. ಗೊತ್ತಾದರೆ ಅಷ್ಟು ಸೌದೆ ಉಳಿಯುತ್ತದೆ, ಅಷ್ಟು ಹೊಗೆ ಕಮ್ಮಿ. ಭಾನುವಾರ ಅವನಿಗೆ ರಜೆ, ನಾವು ಆರೂವರೆಗೆ ಹಚ್ಚುವುದು. ಕೆಳಗೆ ದಪ್ಪ, ಮೇಲೆ ಸಣ್ಣವು, ತುದಿಯಲ್ಲಿ ಪುರಲೆ, ಎಲ್ಲ ಜೋಡಿಸಿದೆ. ಕಡ್ಡಿ ಮಾತ್ರ ಗೀರಲಿಲ್ಲ. ಕುರ್ಚಿಯಲ್ಲಿ ಕಾಲು ಮೇಲೆತ್ತಿ ಕೂತೆ, ಗಾಜಿನಲ್ಲಿ ಕಾಣಬಾರದಲ್ಲ.

ಆರೂವರೆ ಆಯಿತು. ಆ ಕಡೆ ದೀಪ ಹೊತ್ತಿತು. ಗುಂಡ ಬಗ್ಗಿ ಗಾಜಿನಲ್ಲಿ ನೋಡಿದ. ಆಮೇಲೆ ಏನೋ ಬಿದ್ದ ಸದ್ದು, ಕುರ್ಚಿಯಿರಬೇಕು. ಬೀದಿಯಲ್ಲಿ ಧಡಧಡ ಹೆಜ್ಜೆ.

"ಏನಾಯ್ತು? ಮತ್ತೆ ಜ್ವರಾನಾ?" ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ. ನಾನು ಹೊಲಿದ ನೀಲಿ ಕಾಲುಚೀಲ, ಚಪ್ಪಲಿಯಿಲ್ಲ.

"ಜ್ವರವಲ್ಲ ಏನಲ್ಲ," ಎಂದೆ. "ಬೆಂಕಿಪೊಟ್ಟಣ ಒದ್ದೆಯಾಗಿತ್ತು."

ಅವನು ಒಲೆಯ ಮೇಲಿನ ಹಲಗೆ ನೋಡಿದ. ಅಲ್ಲಿ ಸಾಲಾಗಿ ಮೂರು ಬೆಂಕಿಪೊಟ್ಟಣ. ಒಂದನ್ನು ತೆಗೆದು ಗೀರಿದ. ಮೊದಲ ಕಡ್ಡಿಗೇ ಹತ್ತಿತು. ಪುರಲೆಗೆ ಮೇಲಿನಿಂದ ಬೆಂಕಿ ಇಟ್ಟು, ಬಾಗಿಲು ಹಾಕಿ, ನನ್ನ ಎದುರಿನ ಕುರ್ಚಿ ಎಳೆದುಕೊಂಡು ಕೂತ. "ಚಹಾ ಮಾಡ್ತೀಯಾ, ಅದೂ ಒದ್ದೆಯಾಗಿದೆಯಾ?" ಎಂದ.

ಜ್ವರದ ದಿನ ಅವನು ಬರಲು ಹನ್ನೊಂದು ನಿಮಿಷ ಹಿಡಿದಿತ್ತು. ಇವತ್ತು ನಾಲ್ಕು. ಅಳತೆ ಪುಸ್ತಕವಲ್ಲವೇ, ತೋಳಿನ ಕಾಲಮ್ಮಿನಲ್ಲಿ ಬರೆದಿಟ್ಟಿದ್ದೇನೆ: ನಾಲ್ಕು.

ನಾಳೆ ಹೊತ್ತಿಗೆ ಸರಿಯಾಗಿ ಹಚ್ಚುತ್ತೇನೆ, ಪಾಪ.